ಗೋಲು ಕಾಯ್ದವನ ಹೆಸರು

ಸೆಪ್ಟೆಂಬರ್ 7, ಭಾನುವಾರ

ಪಂದ್ಯ ಮುಗಿದ ಮೇಲೆ ತಂಡದ ಕಾರ್ಯದರ್ಶಿ ಶಶಿಕಾಂತಣ್ಣ ಎಲ್ಲರೆದುರು ನನ್ನ ಹೆಸರು ಹಿಡಿದು ಕರೆದ. ನಾನು ಗೋಲ್ ಕಂಬದ ಹಿಂದೆ ಕುಳಿತು ನೀರಿನ ಬಾಟಲಿಗಳನ್ನು ಚೀಲಕ್ಕೆ ತುಂಬುತ್ತಿದ್ದೆ. ಹನ್ನೊಂದು ಜನವೂ ತಿರುಗಿ ನೋಡಿದರು. ಕಿವಿ ಬಿಸಿಯಾಯಿತು.

"ಇಫ್ತೀ, ಟೀಮಿನ ಇತಿಹಾಸ ನೀನು ಬರ್ಕೊಡ್ಬೇಕಲೇ."

"ನಾನಾ? ನಾನು ಓದಿರೋದು ಏಳನೇ ಕ್ಲಾಸು."

"ವಾಟ್ಸಾಪ್ ಗ್ರೂಪಲ್ಲಿ ಮ್ಯಾಚ್ ಬಗ್ಗೆ ಬರೀತೀಯಲ್ಲ, ಹಂಗೇ ಬರಿ. ಎದುರಿಗೆ ಮಾತಾಡು ಅಂತ ಯಾರೂ ಕೇಳ್ತಿಲ್ಲ ನಿನ್ನ."

ಎಲ್ಲರೂ ನಕ್ಕರು. ನನ್ನ ತಮ್ಮ ತಾರಿಕ್ ಕೂಡ ನಕ್ಕ, ಆದರೆ ಅವನ ಕಣ್ಣು ನಗುತ್ತಿರಲಿಲ್ಲ. ಅವನಿಗೆ ಇದು ಆಟವಲ್ಲ.

ನಮ್ಮ ತಂಡ ಬ್ರಹ್ಮಗಿರಿ ಇಲೆವೆನ್ ಹುಟ್ಟಿ ನಲವತ್ತನಾಲ್ಕು ವರ್ಷವಾಯಿತು. ಚಳ್ಳಕೆರೆಯ ಮೆಕ್ಯಾನಿಕ್ಕುಗಳು, ಎಣ್ಣೆ ವ್ಯಾಪಾರದ ಮನೆಯವರು, ಮೊಳಕಾಲ್ಮೂರಿನ ನೇಕಾರರು ಸೇರಿ ಕಟ್ಟಿದ ತಂಡ. ಆದರೆ ಯಾವ ಸಂಘದ ಪುಸ್ತಕದಲ್ಲೂ ನಾವಿಲ್ಲ. ಕರೆದ ಊರಿಗೆ ಹೋಗಿ ಆಡುತ್ತೇವೆ. ಹಲಗೆಯ ಮೇಲೆ 'ಅತಿಥಿ ತಂಡ' ಎಂದು ಬರೆಯುತ್ತಾರೆ. ಅತಿಥಿ ತಂಡ ಫೈನಲ್ ಗೆದ್ದರೂ ಕಪ್ಪು ಕೊಡುವಂತಿಲ್ಲ, ನಮ್ಮ ಕೈಯಲ್ಲಿ ಸೋತವರೇ ಅದನ್ನು ಎತ್ತಿ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಾರೆ. ಈಗ ದುರ್ಗದ ಜಿಲ್ಲಾ ಫುಟ್‌ಬಾಲ್ ಸಂಘದವರು ಇತಿಹಾಸ, ಆಟಗಾರರ ಪಟ್ಟಿ ಎಲ್ಲ ಸೇರಿಸಿ ಅರ್ಜಿ ಕೊಡಿ, ನೋಡೋಣ ಎಂದಿದ್ದಾರೆ. ಮಾನ್ಯತೆ ಸಿಕ್ಕರೆ ತಾರಿಕ್ ನವೆಂಬರಿನಲ್ಲಿ ಹದಿನೆಂಟರೊಳಗಿನವರ ಆಯ್ಕೆಗೆ ನಿಲ್ಲಬಹುದು. ಮುಂದಿನ ವರ್ಷಕ್ಕೆ ಅವನ ವಯಸ್ಸು ಮೀರುತ್ತದೆ.

ಬರೆಯುತ್ತೇನೆ ಎಂದು ತಲೆಯಾಡಿಸಿದೆ.

ಸೆಪ್ಟೆಂಬರ್ 10, ಬುಧವಾರ

ಮಾವ ನಬೀ ಸಾಬರ ಗ್ಯಾರೇಜಿನ ಕಬ್ಬಿಣದ ಕಪಾಟಿನಲ್ಲಿ ತಂಡದ ನೋಟುಪುಸ್ತಕಗಳಿವೆ. ಪ್ರತಿ ಪಂದ್ಯವಾದ ಮೇಲೆ ಹನ್ನೊಂದು ಹೆಸರು ಬರೆಯುವುದು ನಮ್ಮಲ್ಲಿ ಮೊದಲಿನಿಂದ ಬಂದದ್ದು. ಗೋಲ್ ಕೀಪರನ ಹೆಸರು ಮೇಲೆ, ಉಳಿದವರದು ಕೆಳಗೆ. 1989ರಿಂದ 2008ರವರೆಗೆ ಮೇಲಿನ ಸಾಲಿನಲ್ಲಿ ಹೆಚ್ಚುಕಡಿಮೆ ಒಂದೇ ಹೆಸರು. ಓಬಳೇಶ್.

ಮಧ್ಯಾಹ್ನ ಗಿರಾಕಿ ಇಲ್ಲದಾಗ ಮಾವ ಟಯರಿನ ಮೇಲೆ ಕುಳಿತು 1997ರ ಫೈನಲ್ಲಿನ ಕಥೆ ಹೇಳಿದರು. ಸಮ ಸಮ ಆಗಿ ಪೆನಾಲ್ಟಿಗೆ ಹೋಗಿತ್ತಂತೆ. ಓಬಳೇಶಣ್ಣ ಮೂರು ಹೊಡೆತ ಹಿಡಿದರಂತೆ. ಕಪ್ಪು ಎಂದಿನಂತೆ ಎದುರಿನವರಿಗೆ ಹೋಯಿತು. ನಮ್ಮ ಹನ್ನೊಂದು ಜನರಿಗೆ ಸೇರಿಸಿ ಒಂದು ಗೋಡೆ ಗಡಿಯಾರ ಕೊಟ್ಟರು.

"ಬಸ್ಸಲ್ಲಿ ಬರೋವಾಗ ಒಬ್ಬೊಬ್ರು ಒಂದೊಂದು ಗಂಟೆ ಹಿಡ್ಕೊಂಡು ಕೂತಿದ್ವಿ ಬೇಟಾ," ಎಂದು ಮಾವ ನಕ್ಕರು.

ಮೂರು ಪುಟ ಬರೆದೆ. ಒಂದು ವಾಕ್ಯ ನನಗೇ ಬಹಳ ಇಷ್ಟವಾಯಿತು: 'ಹೊಡೆಯುವವನ ಕಾಲಿಗಿಂತ ಮೊದಲು ಅವನ ಭುಜ ಮಾತಾಡುತ್ತದೆ ಎಂದು ತಿಳಿದಿದ್ದ ಓಬಳೇಶ್, ಚೆಂಡು ಹೊರಡುವ ಮುಂಚೆಯೇ ಎಡಕ್ಕೆ ಹೊರಟಿದ್ದರು.' ಎರಡು ಸಲ ಓದಿಕೊಂಡೆ. ಇಂಥದ್ದು ನನ್ನ ಕೈಯಿಂದ ಬಂತೇ ಎನ್ನಿಸಿತು.

ಸೆಪ್ಟೆಂಬರ್ 13, ಶನಿವಾರ

ಶಶಿಕಾಂತಣ್ಣ ಗ್ಯಾರೇಜಿಗೇ ಬಂದು ಓದಿದ. ಓದುತ್ತಾ ತೊಡೆ ತಟ್ಟಿದ. ಆಮೇಲೆ ಹಾಳೆ ಮಡಿಚಿ ಕೇಳಿದ:

"ಓಬಳೇಶಣ್ಣನ ಊರು ಯಾವ್ದಲೇ?"

"ಗುಂಡ್ಲಪಲ್ಲಿ."

"ಯಾವ ರಾಜ್ಯ?"

ಗುಂಡ್ಲಪಲ್ಲಿ ಗಡಿಯಿಂದ ಮೂರು ಕಿಲೋಮೀಟರ್ ಆಚೆ ಇದೆ. ಓಬಳೇಶಣ್ಣ ದಿನಾ ಅಲ್ಲಿಂದ ಮೊಳಕಾಲ್ಮೂರಿಗೆ ಬಂದು ಮಗ್ಗ ನೇಯುತ್ತಾರೆ. ಅದು ಬೇರೆ ರಾಜ್ಯ ಎಂದು ಮೈದಾನದಲ್ಲಿ ಯಾರೂ ಯಾವತ್ತೂ ಅಂದದ್ದಿಲ್ಲ.

"ಜಿಲ್ಲೆಯ ಆಟಗಾರರೇ ಇರ್ಬೇಕು ಅಂತ ನಿಯಮ ಐತೆ. ಹತ್ತೊಂಬತ್ತು ವರ್ಷ ಆಂಧ್ರದೋರು ಗೋಲ್ ಕಾದವ್ರೆ ಅಂತ ಬರ್ದುಕೊಟ್ರೆ ಫೈಲು ಅಲ್ಲೇ ಮುಚ್ತಾರೆ. ಹೆಸರು ತೆಗಿ."

"ತೆಗೆದ್ರೆ ಗೋಲಲ್ಲಿ ಯಾರೂ ಇಲ್ದಂಗೆ ಆಗುತ್ತಲ್ಲಣ್ಣ."

"ನಮ್ಮ ಚಿಕ್ಕಪ್ಪ ಇದ್ರಲ್ಲ."

ಶಶಿಕಾಂತಣ್ಣನ ಚಿಕ್ಕಪ್ಪ ಮುರುಗೇಂದ್ರಪ್ಪ ಆಗ ಎರಡನೇ ಕೀಪರ್. ಅಷ್ಟೂ ವರ್ಷ ಗೆರೆಯ ಹೊರಗೆ ಕುಳಿತು ಅರ್ಧ ಆಟದ ಹೊತ್ತಿಗೆ ಎಲ್ಲರಿಗೂ ಮೋಸಂಬಿ ಸುಲಿದುಕೊಟ್ಟವರು. ನೋಟುಪುಸ್ತಕದಲ್ಲಿ ಅವರ ಹೆಸರು ಎರಡೇ ಕಡೆ ಮೇಲಿದೆ. ಒಮ್ಮೆ ಓಬಳೇಶಣ್ಣನಿಗೆ ಜ್ವರ, ಇನ್ನೊಮ್ಮೆ ಅವರ ಮದುವೆ.

"ಅವರು ಆಡಿದ್ದು ಎರಡೇ ಮ್ಯಾಚು," ಎಂದೆ. ನನಗೇ ಕೇಳಿಸದಷ್ಟು ಮೆಲ್ಲಗೆ.

"ಕಾದಿದ್ದು ಕಾದಿದ್ದೇ ಕಣಲೇ. ನಿನ್ನ ತಮ್ಮನ ಮುಖ ನೋಡಿ ಆಮೇಲೆ ಹೇಳು."

ತಾರಿಕ್ ಎದುರಿಗೆ ಬೈಕಿನ ಚೈನು ತೊಳೆಯುತ್ತಿದ್ದ. ತಲೆ ಎತ್ತಲಿಲ್ಲ, ಕೈ ಮಾತ್ರ ನಿಲ್ಲಿಸಿದ.

ಸೆಪ್ಟೆಂಬರ್ 14, ಭಾನುವಾರ

ನಾಲ್ಕು ಕಡೆ ಬದಲಾಯಿಸಿದೆ. ಓಬಳೇಶ್ ಇದ್ದಲ್ಲಿ ಮುರುಗೇಂದ್ರಪ್ಪ ಬಂದು ಕುಳಿತರು. ಭುಜದ ವಾಕ್ಯ ಹಾಗೇ ಇತ್ತು, ಎಲ್ಲೂ ತೊಡರಲಿಲ್ಲ. ತೊಡರಿದ್ದರೆ ಬಿಟ್ಟುಬಿಡುತ್ತಿದ್ದೆ.

ಸೆಪ್ಟೆಂಬರ್ 23, ಮಂಗಳವಾರ

ಮಾವ ಮೊಳಕಾಲ್ಮೂರಿನ ಗಿರಾಕಿಯೊಬ್ಬರ ಮೋಟಾರಿನ ಸಾಮಾನು ಕೊಟ್ಟು ಬಾ ಎಂದು ಕಳಿಸಿದರು. ಕೊಟ್ಟು ನೇರವಾಗಿ ಬಸ್ಸು ಹತ್ತಬೇಕಿತ್ತು. ಮಗ್ಗದ ಬೀದಿಯಲ್ಲಿ ಯಾಕೆ ಹೋದೆನೋ. ಕಿಟಕಿಯಿಂದಲೇ ಕೂಗು ಬಂತು.

"ಏಮಪ್ಪಾ ಇಫ್ತೀ! ದಾಟ್ಕೊಂಡು ಹೋಗ್ತೀಯಾ? ನನ್ನ ಬಗ್ಗೆ ಏನೋ ಬರ್ದಿದೀಯಂತೆ!"

ಓಬಳೇಶಣ್ಣನಿಗೆ ಐವತ್ತೊಂದು ವರ್ಷ. ಮಗ್ಗದ ಗುಂಡಿಯಿಂದ ಕೈಯೂರಿ ಹಾರಿ ಎದ್ದರು. ನನ್ನ ಚೀಲದಲ್ಲಿ ಸಂಘಕ್ಕೆ ಕೊಟ್ಟ ಅರ್ಜಿಯ ಜೆರಾಕ್ಸ್ ಇತ್ತು, ಅದನ್ನು ಶಶಿಕಾಂತಣ್ಣ ಇಟ್ಟುಕೋ ಎಂದು ಕೊಟ್ಟಿದ್ದ. ಇಲ್ಲ ಎನ್ನಬಹುದಿತ್ತು. ಹಾಳೆ ತೆಗೆದೆ.

"ಓದಪ್ಪಾ. ನಂಗೆ ಕನ್ನಡ ಅಕ್ಷರ ಬರಲ್ಲ."

ಅಕ್ಕಪಕ್ಕದ ನಾಲ್ಕು ಮಗ್ಗ ನಿಂತವು. ಓಬಳೇಶಣ್ಣ ನನ್ನ ಹಿಂದೆ ಬಂದು ಭುಜದ ಮೇಲೆ ಕೈಯಿಟ್ಟು ಹಾಳೆ ನೋಡುತ್ತಾ ನಿಂತರು. ನಾನು ಓದಿದೆ. ಮುರುಗೇಂದ್ರಪ್ಪ ಎಂದಿದ್ದ ಕಡೆಯೆಲ್ಲ ಓಬಳೇಶ್ ಎಂದು ಓದಿದೆ. ಜನರೆದುರು ಬಾಯಿಬಿಟ್ಟರೆ ತೊದಲುವವನು ನಾನು, ಇವತ್ತು ಎಲ್ಲೂ ತೊದಲಲಿಲ್ಲ.

"ಆ ಮೂರು ಹೊಡೆತದ್ದು ಇನ್ನೊಂದ್ಸಲ," ಎಂದರು.

ಮತ್ತೆ ಓದಿದೆ. ಯಾರೋ "ಅಬ್ಬಾ, ಭಲೇ ಉಂದಿ" ಎಂದು ತೆಲುಗಿನಲ್ಲಿ ಮೆಚ್ಚಿದರು. ಓಬಳೇಶಣ್ಣ ಟೀ ತರಿಸಿದರು, ನನಗೆ ಮಾತ್ರ ಎರಡು ಬನ್ನು ಕೂಡ. ತಿಂದೆ. ಅದನ್ನು ಹೇಗೆ ತಿಂದೆ ಎಂದು ಈಗ ಅನ್ನಿಸುತ್ತಿದೆ.

ಅಕ್ಟೋಬರ್ 4, ಶನಿವಾರ

ಅಮ್ಮಿ ಎಣ್ಣೆ ತರಲು ಕಳಿಸಿದ್ದಳು. ಮುರುಗೇಂದ್ರಪ್ಪನವರ ಅಂಗಡಿಯ ಮುಂದೆ ಆರೇಳು ಜನ ನಿಂತಿದ್ದರು. ಅವರು ಗಲ್ಲಾಪೆಟ್ಟಿಗೆಯ ಮುಂದಿನಿಂದ ಎದ್ದು ಬಂದು, ಎರಡು ಡಬ್ಬಗಳ ನಡುವೆ ಕಾಲಗಲಿಸಿ ನಿಂತಿದ್ದರು.

"ನೋಡ್ರಿ, ಹೊಡೆಯೋನ ಕಾಲಿಗಿಂತ ಮೊದ್ಲು ಅವನ ಭುಜ ಮಾತಾಡುತ್ತೆ. ಅದು ಗೊತ್ತಿತ್ತು ನಂಗೆ. ಚೆಂಡು ಹೊರಡೋ ಮುಂಚೇನೇ ನಾನು ಎಡಕ್ಕೆ ಹೊರಟಿದ್ದೆ!"

ಅರವತ್ತು ದಾಟಿದ ಮನುಷ್ಯ ಪಂಚೆಯ ಸಮೇತ ಎಡಕ್ಕೆ ವಾಲಿ ತೋರಿಸಿದರು. ಜನ ಚಪ್ಪಾಳೆ ತಟ್ಟಿದರು. ನನ್ನನ್ನು ಕಂಡ ಕೂಡಲೇ ಅವರ ಮುಖ ಒಂದು ಗಳಿಗೆ ಇಳಿಯಿತು, ಆಮೇಲೆ ಮತ್ತೆ ನಕ್ಕರು.

"ಬಾ ಇಫ್ತಿ ಬಾ. ಇವನೇ ಕಣ್ರಿ ಬರೆದೋನು. ನಾನು ಮರ್ತಿದ್ದನ್ನೆಲ್ಲ ನೆನಪು ಮಾಡಿಕೊಟ್ಟ."

ಮರೆತದ್ದು! ಹತ್ತೊಂಬತ್ತು ವರ್ಷ ಮೋಸಂಬಿ ಸುಲಿದರೂ ಒಮ್ಮೆಯೂ ಗೊಣಗದ ಒಳ್ಳೆಯ ಮನುಷ್ಯ ಅವರು. ಅವರ ಬಾಯಲ್ಲಿ ಸುಳ್ಳು ಇಟ್ಟವನು ನಾನು. ಅದೂ ಅವರಿಗೆ ರುಚಿಸುವ ಹಾಗೆ ಬರೆದು ಇಟ್ಟಿದ್ದೇನೆ.

ಎಣ್ಣೆ ಮರೆತು ಮನೆಗೆ ಬಂದೆ. ಅಮ್ಮಿ ಬೈದಳು.

ಅಕ್ಟೋಬರ್ 5, ಭಾನುವಾರ

ಪಂದ್ಯಕ್ಕೆ ಹೋಗಲಿಲ್ಲ. ತಲೆನೋವು ಎಂದು ಹೇಳಿದೆ. ತಲೆನೋವು ಇರಲಿಲ್ಲ.

ಅಕ್ಟೋಬರ್ 12, ಭಾನುವಾರ

ಓಬಳೇಶಣ್ಣನಿಗೆ ನಿಜ ಹೇಳಿಬಿಡಬೇಕೆಂದು ಬೆಳಿಗ್ಗೆಯೇ ಬಸ್ಸು ಹತ್ತಿದೆ. ಹೇಳಬೇಕಾದ ಮಾತನ್ನು ಒಂದು ಚೀಟಿಯಲ್ಲಿ ಬರೆದು ಬಿ.ಜಿ. ಕೆರೆ ದಾಟುವವರೆಗೂ ಬಾಯಿಪಾಠ ಮಾಡಿದೆ. ಮೊಳಕಾಲ್ಮೂರಿನಿಂದ ಆಟೋದಲ್ಲಿ ಗುಂಡ್ಲಪಲ್ಲಿಗೆ ಹೋದೆ.

ಬಾಗಿಲಲ್ಲೇ ಅವರ ಹೆಂಡತಿ ಉಚ್ಚಂಗೆಮ್ಮ ಸಿಕ್ಕರು.

"ಇವನೇನಾ ಬರೆದ ಹುಡುಗ? ಒಳಗೆ ಬಾರಪ್ಪಾ. ಲೇ ಪಾತಮ್ಮಾ, ಬಾರೇ, ಬರೆದ ಹುಡುಗ ಬಂದವ್ನೆ!"

ಪಕ್ಕದ ಮನೆಯ ಪಾತಮ್ಮ ಬಂದರು, ಅವರ ಹಿಂದೆ ಇನ್ನೂ ನಾಲ್ಕು ಜನ. ಚಾಪೆ ಹಾಸಿದರು. ಉಚ್ಚಂಗೆಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಗೋಡೆಗೆ ಒರಗಿ ಕುಳಿತರು. "ಮದುವೆಯಾದಾಗಿಂದ ಚೆಂಡು ಚೆಂಡು ಅಂತ ಭಾನುವಾರ ಒಂದೂ ಮನೇಲಿರ್ಲಿಲ್ಲ ಈತ. ಅಲ್ಲೇನು ಕಡಿದು ಗುಡ್ಡೆ ಹಾಕವ್ನೆ, ನಾನೂ ಕೇಳ್ತೀನಿ. ಓದು."

ನಾನು ಓಬಳೇಶಣ್ಣನ ಮುಖ ನೋಡಿದೆ. ಅವರು ಓದು ಎಂಬಂತೆ ಕೈ ಮಾಡಿದರು.

ಓದಿದೆ. ಉಚ್ಚಂಗೆಮ್ಮ ನನ್ನ ಬಾಯನ್ನೇ ನೋಡುತ್ತಿದ್ದರು. ಆ ಮುಖ ನೋಡಿ ನನಗೆ ಏನಾಯಿತೋ, ನಾಲ್ಕು ಹೊಡೆತ ಹಿಡಿದರು ಎಂದುಬಿಟ್ಟೆ. ಮೋಸ ಮಾಡಿದವನು ತೂಕಕ್ಕೆ ಮೇಲೊಂದಿಷ್ಟು ಹಾಕಿದ ಹಾಗೆ.

ರೊಟ್ಟಿ ಊಟ ಮಾಡಿಸಿ ಕಳಿಸಿದರು. ಓಬಳೇಶಣ್ಣ ರಸ್ತೆಯವರೆಗೂ ಬಂದರು. ಆಟೋ ಕಾಯುತ್ತಾ ನಿಂತಾಗ ಅವರೇ ಮಾತು ತೆಗೆದರು.

"ಹೋದ್ ತಿಂಗ್ಳು ಮೂರು ಹಿಡ್ದಿದ್ದೆ. ಇವತ್ತು ನಾಲ್ಕು. ಇನ್ನೊಂದ್ಸಲ ನೀನು ಬಂದ್ರೆ ಐದೂ ಹಿಡೀತೀನಿ ಬಿಡು."

ನಾನು ಆಟೋ ಬರುವ ದಾರಿ ನೋಡುವುದನ್ನು ಬಿಟ್ಟು ಅವರ ಕಡೆ ತಿರುಗಿದೆ.

"ಮೂರ್ನೇ ಕ್ಲಾಸ್ ತನಕ ಓದಿದೀನಪ್ಪಾ, ತೆಲುಗಲ್ಲಿ. ನಿಮ್ಮಕ್ಷರ, ನಮ್ಮಕ್ಷರ ಒಂದೇ ಮನೇವು. ಪೂರಾ ಓದಕ್ಕೆ ಬರಲ್ಲ ನಂಗೆ. ನನ್ನ ಹೆಸರು ಎಲ್ಲೈತೆ ಅಂತ ಹುಡುಕ್ಕೊಳ್ಳೋವಷ್ಟು ಬರ್ತದೆ. ಅವತ್ತು ನಿನ್ನ ಹಿಂದೆ ನಿಂತು ಹುಡುಕ್ದೆ. ಇರ್ಲಿಲ್ಲ. ಅಲ್ಲಿದ್ದಿದ್ದು ಮುರುಗೇಂದ್ರಪ್ಪ."

"ಅವತ್ತೇ ಗೊತ್ತಿತ್ತಾ? ಮತ್ತೆ ಯಾಕೆ ಕೇಳಿದ್ರಿ ಓಬಳೇಶಣ್ಣ?"

"ಚೆನ್ನಾಗಿತ್ತಲ್ಲ," ಎಂದರು. ಆಮೇಲೆ ರಸ್ತೆಯ ಕಡೆ ನೋಡುತ್ತಾ, "ನಾನು ಆಂಧ್ರ ಅಂತಲೇನಾ ತೆಗ್ದಿದ್ದು?"

ತಲೆಯಾಡಿಸಿದೆ.

"ಟೀಮಿಗೆ ಕಾಗದ ಸಿಗ್ತದಾ?"

"ಸಿಗುತ್ತೆ ಅಂತಾರೆ. ತಾರಿಕ್ ಸೆಲೆಕ್ಷನ್ನಿಗೆ..."

"ಸರೇ, ಇರ್ಲಿ ಬಿಡು ಹಂಗಾದ್ರೆ. ಉಚ್ಚಂಗಿಗೆ ಮಾತ್ರ ಹೇಳ್ಬೇಡ. ಎಷ್ಟೋ ವರ್ಷದ ಮೇಲೆ ಇವತ್ತು ನನ್ನ ತಟ್ಟೆಗೆ ತಾನೇ ತುಪ್ಪ ಹಾಕಿದ್ಲು."

ಬೈದಿದ್ದರೆ ಚೆನ್ನಾಗಿತ್ತು. ಕೈಯೆತ್ತಿ ಒಂದು ಹೊಡೆದಿದ್ದರೂ ಆಗುತ್ತಿತ್ತು. ಆಟೋದವನಿಗೆ ತೆಲುಗಿನಲ್ಲಿ ಹುಷಾರಾಗಿ ಬಿಡು ಎಂದು ಹೇಳಿ ನನ್ನನ್ನು ಹತ್ತಿಸಿದರು. ಚೀಟಿ ಜೇಬಿನಲ್ಲೇ ಇತ್ತು.

ಅಕ್ಟೋಬರ್ 16, ಗುರುವಾರ

ದುರ್ಗಕ್ಕೆ ಹೋಗಿ ಬಂದೆ. ಬೆಳಿಗ್ಗೆ ಹೊರಡುವಾಗ ತಾರಿಕ್ ಅಂಗಳದಲ್ಲಿ ಬೂಟಿಗೆ ಹೊಸ ಲೇಸು ಕಟ್ಟುತ್ತಿದ್ದ. "ಭಾಯಿ, ಸಂಘದಿಂದ ಸುದ್ದಿ ಬಂತಾ?" ಎಂದ. ಇಲ್ಲ ಎಂದೆ. ಎಲ್ಲಿಗೆ ಹೊರಟೆ ಎಂದು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ.

ಸಂಘದ ಕಚೇರಿಯಲ್ಲಿ ಒಬ್ಬರು ಗುಮಾಸ್ತರು ಇದ್ದರು. ಗೋಲು ಕಾದದ್ದು ಓಬಳೇಶಣ್ಣ ಎಂದು ನಾನು ಬರೆದು ಒಯ್ದಿದ್ದ ಎರಡು ಹಾಳೆ ಮೇಜಿನ ಮೇಲಿಟ್ಟೆ. ಕನ್ನಡಕ ಏರಿಸಿ ನೋಡಿದರು.

"ಇದು ದೂರಾ, ತಿದ್ದುಪಡೀನಾ? ದೂರಾದ್ರೆ ಆ ಟ್ರೇಗೆ ಹಾಕು, ತಿದ್ದುಪಡಿ ಆದ್ರೆ ಈ ಟ್ರೇಗೆ."

"ತಪ್ಪು ಬರೆದಿದ್ದೆ ಸಾರ್. ಗೊತ್ತಿದ್ದೇ ಬರೆದಿದ್ದೆ."

"ಅದಕ್ಕೆ ಟ್ರೇ ಇಲ್ಲಪ್ಪ." ಓದತೊಡಗಿದರು. ಎರಡನೇ ಹಾಳೆಗೆ ಬಂದಾಗ ಕುರ್ಚಿ ತೋರಿಸಿದರು. "ಇದನ್ನ ಕೊಟ್ರೆ ನಿಮ್ಮ ಫೈಲು ವಾಪಸ್ ಬರುತ್ತೆ, ಗೊತ್ತೈತಾ?"

"ಗೊತ್ತು."

"ಕಾರ್ಯದರ್ಶಿಗೆ ಹೇಳಿದೀಯಾ?"

"ಇಲ್ಲ. ಇವತ್ತು ಹೇಳ್ತೀನಿ."

"ಸಹಿ ಹಾಕಿಲ್ಲ ನೋಡು."

ಗ್ರೂಪಿನಲ್ಲಿ ಹಾಕುವ ಬರಹಕ್ಕೆ ನಾನು ಹೆಸರು ಹಾಕುವುದಿಲ್ಲ. ಪೆನ್ನು ಕೇಳಿ ಪಡೆದು ಪೂರ್ತಿ ಹೆಸರು ಬರೆದೆ, ಊರೂ ಬರೆದೆ.

ವಾಪಸ್ ಬಂದು ಶಶಿಕಾಂತಣ್ಣನ ಅಂಗಡಿಗೆ ಹೋಗಿ ಹೇಳಿದೆ. ಅವನು ಕೈಯಲ್ಲಿದ್ದ ಕ್ಯಾಲ್ಕುಲೇಟರ್ ಎಸೆದ. ಅದು ನನಗೆ ತಾಗಲಿಲ್ಲ. "ನಲವತ್ತನಾಲ್ಕು ವರ್ಷ ಕಣಲೇ! ಒಂದು ಹೆಸರಿಗೋಸ್ಕರ!" ಎಂದ. ಅವನ ಕಣ್ಣಲ್ಲಿ ನೀರಿತ್ತು. ಅವನೂ ತನಗಾಗಿ ಕೇಳಿದವನಲ್ಲ.

"ತಾರಿಕ್‌ಗೆ ನೀನೇ ಹೇಳು. ನಾನು ಹೇಳಲ್ಲ."

ಅದೊಂದು ಹೇಳಲಾಗಲಿಲ್ಲ.

ಅಕ್ಟೋಬರ್ 29, ಬುಧವಾರ

ಫೈಲು ವಾಪಸ್ ಬಂತು. ತಂಡದಲ್ಲಿ ಹೊರರಾಜ್ಯದವರು ದೀರ್ಘಕಾಲ ಆಡಿರುವುದರಿಂದ ಪರಿಶೀಲಿಸಲಾಗುವುದಿಲ್ಲ, ಮೂರು ವರ್ಷ ಜಿಲ್ಲೆಯವರೇ ಆಡಿದ ದಾಖಲೆಯೊಂದಿಗೆ ಮತ್ತೆ ಅರ್ಜಿ ಸಲ್ಲಿಸಬಹುದು ಎಂದು ಅದರಲ್ಲಿ ಬರೆದಿದ್ದರು.

ತಾರಿಕ್‌ಗೆ ನಾನೇ ಹೇಳಿದೆ. ಹದಿಮೂರು ದಿನ ತಡವಾಗಿ ಹೇಳಿದೆ. ಅಷ್ಟೂ ದಿನ ಅವನು ಬೆಳಿಗ್ಗೆ ಬೆಳಿಗ್ಗೆ ಎದ್ದು ಓಡಿ ಬರುತ್ತಿದ್ದ, ನಾನು ಹೊದಿಕೆಯೊಳಗಿಂದ ಬಾಗಿಲ ಸದ್ದು ಕೇಳುತ್ತಿದ್ದೆ.

ಅವನು ಕೂಗಾಡಲಿಲ್ಲ. "ನನಗಿಂತ ಆ ಮನುಷ್ಯ ಹೆಚ್ಚಾ ಭಾಯಿ?" ಎಂದು ಕೇಳಿದ.

ಇಲ್ಲ ಎಂದೆ. ಅದು ನಿಜ. ಹಾಗಾದರೆ ಯಾಕೆ ಎಂದು ಕೇಳಿದ. ಅಮ್ಮಿ ಒಳಗಿನಿಂದ ನಮ್ಮಿಬ್ಬರನ್ನೂ ನೋಡಿ ಒಲೆಯ ಕಡೆ ತಿರುಗಿದಳು.

ಸಂಜೆ ಮುರುಗೇಂದ್ರಪ್ಪ ಗ್ಯಾರೇಜಿಗೆ ಬಂದರು. ಒಳಗೆ ಬರದೆ ಹೊಸ್ತಿಲ ಆಚೆಯೇ ನಿಂತರು.

"ಇಫ್ತಿ, ನಾನು ಎರಡು ಮ್ಯಾಚ್ ಆಡಿದ್ದೆ. ಅದನ್ನಾದ್ರೂ ಬರೆದಿದೀಯಾ?"

"ಬರೆದಿದೀನ್ರಿ. ತಾರೀಖು ಸಮೇತ."

"ಒಂದ್ರಲ್ಲಿ ಗೆದ್ದಿದ್ವಿ."

"ಅದನ್ನೂ ಬರೆದಿದೀನಿ."

"ಹೂಂ," ಎಂದು ಹೊರಟುಹೋದರು. ಅವರ ಅಂಗಡಿಯ ಮುಂದೆ ಹೋಗುವುದು ನನಗೆ ಇನ್ನು ಕಷ್ಟ.

ನವೆಂಬರ್ 9, ಭಾನುವಾರ

ಇವತ್ತು ಮೊಳಕಾಲ್ಮೂರಿನಲ್ಲಿ ಪಂದ್ಯ. ನಾವು ಎಂದಿನಂತೆ ಅತಿಥಿ ತಂಡ. ದುರ್ಗದಲ್ಲಿ ಆಯ್ಕೆ ನಡೆಯುವುದೂ ಇವತ್ತೇ. ತಾರಿಕ್ ನನ್ನೊಡನೆ ಮಾತು ಬಿಟ್ಟು ಹನ್ನೊಂದು ದಿನವಾಗಿತ್ತು. ಪಂದ್ಯದಲ್ಲಿ ಯಾರಿಗೂ ಚೆಂಡು ಕೊಡದೆ ತಾನೇ ಒಯ್ದು ಒಯ್ದು ಕಳೆದ. ಎರಡು ಗೋಲಿನಿಂದ ಸೋತೆವು.

ಓಬಳೇಶಣ್ಣ ನೋಡಲು ಬಂದಿದ್ದರು. ಎಲ್ಲ ಮುಗಿದ ಮೇಲೆ ತಾರಿಕ್ ಚೆಂಡು ತೆಗೆದುಕೊಂಡು ನೇರವಾಗಿ ಅವರ ಮುಂದೆ ಹೋಗಿ ನಿಂತ.

"ನಿಲ್ರಿ ಗೋಲಲ್ಲಿ. ಹತ್ತು ಹೊಡೀತೀನಿ."

ಶಶಿಕಾಂತಣ್ಣ "ಲೇ ತಾರಿಕ್, ಬಿಡಲೇ, ವಯಸ್ಸಾಗೈತೆ ಅವರಿಗೆ" ಎಂದ. ಓಬಳೇಶಣ್ಣ ಆಗಲೇ ಚಪ್ಪಲಿ ಬಿಟ್ಟು ಪಂಚೆ ಎತ್ತಿ ಕಟ್ಟುತ್ತಿದ್ದರು. ಕೈಗವಸು ಕೊಡಲು ಹೋದರೆ, ಆಗ ಯಾರೂ ಹಾಕಿಕೊಳ್ಳುತ್ತಿರಲಿಲ್ಲ, ಈಗ ಯಾಕೆ ಎಂದು ಬರಿಗೈಯಲ್ಲೇ ನಿಂತರು.

ತಾರಿಕ್ ಹೊಡೆದ ಹೊಡೆತ ಆಟದ್ದಲ್ಲ. ಮೊದಲನೆಯದು ಓಬಳೇಶಣ್ಣನ ಎದೆಗೆ ಬಡಿಯಿತು. ಎರಡನೆಯದು ಗೋಲಾಯಿತು. ಆಮೇಲಿನ ಎರಡು ಹಿಡಿದರು. ಬಿದ್ದಾಗ ಏಳಲು ಹೊತ್ತಾಗುತ್ತಿತ್ತು, ಮೊಣಕೈ ತರಚಿ ರಕ್ತ ಬಂತು. ನಿಲ್ಲಿಸೋಣ ಎಂದು ಯಾರೋ ಅಂದಾಗ ಇಬ್ಬರೂ ಒಟ್ಟಿಗೆ ಬೈದರು. ಒಂಬತ್ತನೆಯ ಹೊಡೆತ ಕಂಬದ ಆಚೆ ಹಾರಿ ಜಾಲಿ ಗಿಡದಲ್ಲಿ ಸಿಕ್ಕಿತು. ಹತ್ತನೆಯದನ್ನು ಓಬಳೇಶಣ್ಣ ಎಡಕ್ಕೆ ಬಿದ್ದು ಹಿಡಿದು, ಚೆಂಡನ್ನು ಅಪ್ಪಿಕೊಂಡು ನೆಲದಲ್ಲೇ ಮಲಗಿದ್ದರು. ತಾರಿಕ್ ಹೋಗಿ ಕೈಕೊಟ್ಟು ಎಬ್ಬಿಸಿದ. ಅವನ ಮುಖ ಒದ್ದೆಯಾಗಿತ್ತು, ಬೆವರೇ ಇರಬೇಕು.

"ಇಫ್ತೀ, ಬರ್ಕೊಳ್ಳಪ್ಪಾ," ಎಂದು ಓಬಳೇಶಣ್ಣ ಏದುಸಿರು ಬಿಡುತ್ತಾ ಕೂಗಿದರು. "ಏಳು ಹಿಡ್ದೆ, ಮೂರು ಬಿಟ್ಟೆ."

"ಏಳೆಲ್ಲಿ? ಆರು," ಎಂದ ತಾರಿಕ್. "ನಾಲ್ಕು ಗೋಲು ನಂದು. ಆ ಒಂಬತ್ತನೇದು ಕಂಬದ ಒಳಗಿಂದಾನೇ ಹೋಗಿದ್ದು."

"ಹಿಡೀಲಿಕ್ಕೆ ಹಾರಿದ್ದಕ್ಕೇ ಅದು ಹೊರಗೆ ಹೋಗಿದ್ದು ಕಣೋ!"

ಇಬ್ಬರೂ ನನ್ನ ಕಡೆ ನೋಡಿದರು. ಸುತ್ತಲೂ ಎರಡೂ ತಂಡದವರು ನಿಂತಿದ್ದರು.

"ಆರು ಹಿಡಿದ್ರಿ," ಎಂದೆ. "ಮೂರು ಗೋಲು. ಒಂದು ಹೊರಗೆ."

"ಏನಪ್ಪಾ, ಮೊನ್ನೆ ಕೇಳದೇ ಒಂದು ಸೇರಿಸಿ ಕೊಟ್ಟೆ, ಇವತ್ತು ಕೇಳಿದ್ರೂ ಕೊಡಲ್ವಾ?" ಎಂದರು ಓಬಳೇಶಣ್ಣ.

"ಕೊಡಲ್ಲ ಓಬಳೇಶಣ್ಣ."

"ಕಣ್ಣು ಕಾಣ್ಸಲ್ವಾ ಭಾಯಿ ನಿಂಗೆ?" ಎಂದು ತಾರಿಕ್ ರೇಗಿದ. ಹನ್ನೊಂದು ದಿನದಲ್ಲಿ ಅವನು ನನಗೆ ಆಡಿದ ಮೊದಲ ಮಾತು. ಅದಾದ ಮೇಲೆ ಬೇರೆ ಮಾತಾಡಲಿಲ್ಲ. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ ಇದ್ದರೂ ಹಿಂದೆ ಹೋಗಿ ಕುಳಿತ.

ಮನೆಗೆ ಬಂದು ತಂಡದ ನೋಟುಪುಸ್ತಕದಲ್ಲಿ ಇವತ್ತಿನ ಪಂದ್ಯ ಬರೆದೆ. ಅದರ ಕೆಳಗೆ: ತಾರಿಕ್ ಹತ್ತು ಹೊಡೆತ. ಗೋಲಿನಲ್ಲಿ ಓಬಳೇಶ್, ಗುಂಡ್ಲಪಲ್ಲಿ, ಆಂಧ್ರ. ಹಿಡಿದದ್ದು ಆರು, ಗೋಲು ಮೂರು, ಹೊರಗೆ ಒಂದು.

ಬರೆದು ಮುಗಿಸುವಾಗ ತಾರಿಕ್ ಬಾಗಿಲಲ್ಲಿ ನಿಂತಿದ್ದ. ಪುಸ್ತಕವನ್ನು ಅವನ ಕಡೆ ತಿರುಗಿಸಿ ಇಟ್ಟೆ. ಬಂದು ಓದಿದ. ಒಂಬತ್ತನೆಯದು ಗೋಲೇ ಎಂದು ಹೇಳಿ ಹೋದ.